ಕೊನೆಯ ಪುಟದಲ್ಲಿದ್ದ ಹೆಸರು

ಐದಾರು ಜನ ಬಾಗಿಲು ತಳ್ಳಿಕೊಂಡು ನಮ್ಮ ಪತ್ರಿಕಾ ಕಚೇರಿಗೆ ನುಗ್ಗಿದಾಗ ನಾನು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಆಗಷ್ಟೇ ಬಂದು ಕುಳಿತಿದ್ದೆ. ಒಬ್ಬನ ಕೈಯಲ್ಲಿ ಕಬ್ಬಿಣದ ರಾಡ್ ಇತ್ತು. ಭದ್ರಾ ನದಿಯ ಮರಳು ಕದ್ದು ಸಾಗಿಸುವವರ ಬಗ್ಗೆ ಅಂದು ಬೆಳಿಗ್ಗೆ ಬಂದಿದ್ದ ವರದಿ ನನ್ನದೇ. ಇಂಥ ವರದಿಗಳಿಗೆ ಬರೆದವರ ಹೆಸರು ಹಾಕುವ ಪದ್ಧತಿ ನಮ್ಮಲ್ಲಿಲ್ಲ.

"ಇದನ್ನ ಬರ್ದೋನು ಯಾವನ್ರಿ?" ಎಂದು ರಾಡ್ ಹಿಡಿದವನು ಕೇಳಿದ.

ಅಷ್ಟರಲ್ಲಿ ನಮ್ಮ ಮಾಲೀಕರು ಕೋಣೆಯಿಂದ ಹೊರಬಂದರು. ಭದ್ರಾವತಿ ಬಸ್ ನಿಲ್ದಾಣದಲ್ಲಿ ಪೇಪರ್ ಮಾರಿ ಬೆಳೆದವರು ಅವರು. ಈಗ ಮಂತ್ರಿಗಳೂ ಅವರಿಗೆ ತಾವಾಗಿಯೇ ಫೋನ್ ಮಾಡುತ್ತಾರೆ. ಮಾಲೀಕರು ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿದ್ದ ಸಣ್ಣ ಸಾಲಿನ ಮೇಲೆ ಬೆರಳಿಟ್ಟರು.

"ಪ್ರಕಾಶಕರು ಅಂತ ನನ್ನ ಹೆಸ್ರೇ ಇದೆ ನೋಡು ಮಾರಾಯ. ಹೊಡೆಯೋದಾದ್ರೆ ನನ್ಗೆ ಹೊಡಿ. ನಾಳೆ ಎರಡನೇ ಭಾಗ ಬರುತ್ತೆ, ಬೇಕಾದ್ರೆ ಅದನ್ನೂ ಓದ್ಕೊಂಡು ಬಂದೇ ಹೊಡಿ."

ಅವನು ಬೀಸಿದ ರಾಡ್ ಮೇಜಿನ ಗಾಜಿನ ಮೇಲೆ ಬಿತ್ತು. ಅವರು ಕದಲಲಿಲ್ಲ. ಬಂದವರು ಬೈಯುತ್ತಲೇ ಹೊರಟುಹೋದರು.

ರಾಡಿನ ಆ ಸದ್ದು ಈಗಲೂ ಕಿವಿಯಲ್ಲಿದೆ. ಆದರೆ ಅಂಥವರ ಪತ್ರಿಕೆಗೆ ಬರೆಯುತ್ತೇನೆಂಬ ಹೆಮ್ಮೆ ಅದಕ್ಕಿಂತ ದೊಡ್ಡದು. ಆ ಸಂಜೆಯೇ ಎರಡನೇ ಭಾಗ ಬರೆದೆ; ಒಂದು ವಾಕ್ಯವನ್ನೂ ಮೆತ್ತಗೆ ಮಾಡಲಿಲ್ಲ.