ಎಕ್ಸ್ ಅಂದರೆ ಮನೆಯವರು

ಹೋದ ತಿಂಗಳು ನಮ್ಮ ಅಕ್ಕ ಪುಟ್ಟಮ್ಮಣ್ಣಿ ಕಂಪ್ಯೂಟರ್ ಭಾಷೆ ಕಲಿತಳು. ನಗಬೇಡಿ. ಕಂಪ್ಯೂಟರನ್ನು ಅವಳೂ ನೋಡಿಲ್ಲ, ನಾನೂ ನೋಡಿಲ್ಲ. (ಕೊಳ್ಳೇಗಾಲದಲ್ಲಿ ಯಾರು ನೋಡಿದ್ದಾರೆ ಹೇಳಿ?)

ನೋಡಿರುವವಳು ನನ್ನ ಮಗಳು ಗಿರಿಜೆ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಅಲ್ಲಿನ ಕಾಲೇಜೊಂದರಿಂದ ಇಂಟರ್‌ವ್ಯೂ ಬಂದಿತ್ತು. ಏನೂ ಗೊತ್ತಿಲ್ಲದವರಿಗೂ ತಿಳಿಯುವಂತೆ ಕಂಪ್ಯೂಟರಿನ ಒಂದು ಪಾಠ ಮಾಡಿ ತೋರಿಸಬೇಕಂತೆ. ಏನೂ ಗೊತ್ತಿಲ್ಲದವರು ನಮ್ಮ ಮನೆಯಲ್ಲಿ ಸಿಕ್ಕುವಷ್ಟು ಇನ್ನೆಲ್ಲಿ ಸಿಕ್ಕಾರು? ಮೊದಲು ನನ್ನ ಮೇಲೆ ಪ್ರಯೋಗ ಮಾಡಿದಳು. ನಾನು ಗೊರಕೆ ಹೊಡೆದೆ. ಪಾಪ, ಹುಡುಗಿ ಮುಖ ಸಪ್ಪೆಯಾಯಿತು.

ಮಾರನೇ ದಿನ ಹೊನ್ನೂರಿನಿಂದ ಅಕ್ಕ ಬಂದಳು. ಇಡ್ಲಿ ತಿಂದು ಏಳುತ್ತಿದ್ದವಳನ್ನು ಗಿರಿಜೆ ಹಿಡಿದು ಕೂರಿಸಿದಳು. ಕೋಬಾಲ್, ಫೋರ್ಟ್ರಾನ್ ಎಂದು ಎರಡು ಭಾಷೆಗಳಂತೆ. ಫೋರ್ಟ್ರಾನ್ ಲೆಕ್ಕದ ಹಾಗೆ, ಕೋಬಾಲ್ ನಾವು ಮಾತಾಡುವ ಹಾಗೇ ಇರುತ್ತದೆ, ಹೊಸಬರಿಗೆ ಅದೇ ಸುಲಭ ಎಂದಳು. ಅತ್ತೆಗಾಗಿ ಕನ್ನಡದಲ್ಲೇ ಸ್ಲೇಟಿನ ಮೇಲೆ ಬರೆದಳು: 'ನಂಜಪ್ಪನ ತಟ್ಟೆಗೆ ಎರಡು ಇಡ್ಲಿ ಹಾಕು.'

"ಓದಿ ಅತ್ತೆ."

ಅಕ್ಕ ಗಪ್‌ಚುಪ್. (ಪೇಪರ್ ಬಂದರೆ ಬೀದಿಗೆಲ್ಲ ಕೇಳುವಂತೆ ಓದುವವಳು!)

ಗಿರಿಜೆಯ ಕಣ್ಣು ತುಂಬಿತು. "ಇಷ್ಟು ಸುಲಭದ್ದಕ್ಕೇ ಹೀಗಾದರೆ ನನಗೆ ಪಾಠ ಮಾಡೋಕೇ ಬರಲ್ಲ. ಇಂಟರ್‌ವ್ಯೂಗೆ ಹೋಗಲ್ಲ ಬಿಡಿ."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಅದು ನಿಮ್ಮಾವನ ಎಸ್ರು ಕಣವ್ವ! ಕಟ್ಕಂಡ ಗಂಡನ ಎಸ್ರ ನನ್ ಬಾಯಲ್ಲಿ ಎಂಗವ್ವಾ ಯೋಳ್ಲಿ? 'ಅವ್ರು' ಅಂತ ಬರಿ."

ಅಯ್ಯೋ ರಾಮ!

ಗಿರಿಜೆ ಹೆಸರು ಅಳಿಸಿದಳು. ಆ ಜಾಗದಲ್ಲಿ ಎಕ್ಸ್ ಎಂದು ಬರೆದಳು. "ಇದು 'ಅವ್ರ ತಟ್ಟೆ' ಅತ್ತೆ. ಈಗ ನೋಡಿ ಫೋರ್ಟ್ರಾನ್. ಎಕ್ಸ್ ಈಕ್ವಲ್ಸ್ ಎಕ್ಸ್ ಪ್ಲಸ್ ಎರಡು."

ನನಗೆ ರೇಗಿತು. ಹೈಸ್ಕೂಲಿನಲ್ಲಿ ಆಲ್ಜೀಬ್ರಾ ಓದಿದವನಲ್ಲವೆ? "ಅದು ಹೆಂಗಮ್ಮ ಸಮ ಆಗುತ್ತೆ?"

"ಯಾಕಾಗಾಕಿಲ್ಲ? ಅವ್ರ ತಟ್ಟೇಲಿ ಎರಡಿತ್ತು, ಇನ್ನೆರಡು ಆಕ್ದೆ, ನಾಕಾಯ್ತು. ತಟ್ಟೆ ಅದೇ ಕಣ್ಲಾ!" ಎಂದಳು ಅಕ್ಕ. ಗಿರಿಜೆ ಅವಳನ್ನು ತಬ್ಬಿಕೊಂಡು ಕುಣಿದಳು.

ಯಾವ ಭಾಷೆ ಸುಲಭ? ಯಾರಿಗೆ ಎಂದು ಕೇಳದೆ ಹೇಳುವುದು ಹೇಗೆ? ನಮ್ಮ ಹೆಂಗಸರು ಮದುವೆಯಾದಂದಿನಿಂದ ಹೆಸರಿನ ಜಾಗದಲ್ಲಿ ಎಕ್ಸ್ ಇಟ್ಟುಕೊಂಡೇ ಸಂಸಾರ ತೂಗಿಸಿದ್ದಾರೆ.

ಇಂಟರ್‌ವ್ಯೂನಲ್ಲಿ ಗಿರಿಜೆ ಆ ಇಡ್ಲಿ ತಟ್ಟೆಯಿಂದಲೇ ಶುರು ಮಾಡಿದಳಂತೆ. ಮೊನ್ನೆ ಆರ್ಡರ್ ಬಂತು. ಮನೆಯಲ್ಲಿ ಪಾಯಸ.

ಪಾಯಸ ಬಡಿಸುತ್ತಾ ನನ್ನ ಹೆಂಡತಿ "ಇವರಿಗೆ ಸಾಕು" ಎಂದಳು. ಹೌದಲ್ಲ, ಅವಳಿಗೆ ನಾನೂ ಬರೀ 'ಇವರು'! ಎಕ್ಸ್ ಒಳಗೆ ಏನು ಬೇಕಾದರೂ ತುಂಬಬಹುದಂತೆ. ಇಷ್ಟು ವರ್ಷ 'ಇವರು' ಒಳಗೆ ಅವಳು ಏನೇನು ತುಂಬಿಟ್ಟಿದ್ದಾಳೋ, ಕೇಳುವ ಧೈರ್ಯ ಯಾರಿಗಿದೆ?