ವರ್ಲನ್ ಹೊತ್ತ ಕಲ್ಲು

ವರ್ಲನ್‌ನ ಕೈಗೆ ಏನನ್ನೇ ಕೊಡಿ, ಅವನು ಮೊದಲು ಅದರ ತೂಕ ಹೇಳುತ್ತಾನೆ, ಆಮೇಲೆ ಥ್ಯಾಂಕ್ಸ್ ಹೇಳುತ್ತಾನೆ. ನಮ್ಮೂರಿನ ದನದ ಮೇವಿನ ಗಿರಣಿಯಲ್ಲಿ ನಲವತ್ತು ವರ್ಷ ಮೂಟೆ ತೂಗಿದ ಕೈ ಅದು. ಹೊಸದಾಗಿ ಹೆತ್ತ ತಾಯಂದಿರು ಭಾನುವಾರ ಚರ್ಚಿನ ಅಂಗಳದಲ್ಲಿ ಕೂಸನ್ನು ತಂದು ಅವನ ಕೈಗೆ ಹಾಕುತ್ತಿದ್ದರು. "ಏಳು ಪೌಂಡು, ಮೇಲೆ ಹನ್ನೊಂದು ಔನ್ಸು" ಎನ್ನುತ್ತಿದ್ದ. ಹೆರಿಗೆಯ ಚೀಟಿಯಲ್ಲಿ ಒಂಬತ್ತು ಔನ್ಸು ಎಂದಿದ್ದರೆ, "ಅವರ ತಕ್ಕಡಿ ನೋಡಿಸ್ಬೇಕು" ಎನ್ನುತ್ತಿದ್ದನೇ ಹೊರತು ತನ್ನ ಮಾತು ಬದಲಿಸುತ್ತಿರಲಿಲ್ಲ.

ಇಂಥ ಮನುಷ್ಯನ ಬೆನ್ನಚೀಲದಲ್ಲಿ ನಾವು ವರ್ಷಕ್ಕೊಂದು ಕಲ್ಲು ಬಚ್ಚಿಡುತ್ತಿದ್ದೆವು. ನಾವು ಎಂದರೆ ಮೂವರು: ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ನೆಲ್ಡಾ, ಕ್ಷೌರದಂಗಡಿಯ ಡಿಲಾಯ್, ಮತ್ತು ಅಂಚೆ ಕಚೇರಿಯಲ್ಲಿ ಕೂತು ಕೂತು ಸೊಂಟ ಹಾಳುಮಾಡಿಕೊಂಡ ನಾನು, ಗೇಲನ್. ಪ್ರತಿ ಏಪ್ರಿಲಿನಲ್ಲಿ, ಬಿಸಿಲು ತಲೆ ಸುಡುವ ಮೊದಲೇ, ನಾವು ನಾಲ್ವರೂ ಐದು ದಿನಕ್ಕಾಗುವಷ್ಟು ಗಂಟುಮೂಟೆ ಬೆನ್ನಿಗೆ ಹೇರಿಕೊಂಡು ಕುಂಟುಹಸು ಎಂಬ ಕಮರಿಗೆ ಇಳಿಯುತ್ತೇವೆ. ಯೂಟಾ ರಾಜ್ಯದ ದಕ್ಷಿಣದ ಈ ಮರಳುಗಾಡಿನಲ್ಲಿ ಇದಕ್ಕಿಂತ ಚೆಂದದ ಕಮರಿಗಳು ಬೇಕಾದಷ್ಟಿವೆ. ಅಲ್ಲಿಗೆಲ್ಲ ಕ್ಯಾಮೆರಾ ಹಿಡಿದವರು ಹೋಗಲಿ.

ಕಲ್ಲು ಮನೆಯಿಂದಲೇ ಬರಬೇಕು. ಒಂದು ವರ್ಷ ನೆಲ್ಡಾಳ ಹಿತ್ತಲಿನಿಂದ, ಇನ್ನೊಂದು ವರ್ಷ ನನ್ನ ಅಂಗಳದಿಂದ. ಹಳೆಯ ಕಾಲುಚೀಲದಲ್ಲಿ ಸುತ್ತಿ, ವರ್ಲನ್ ಬೇರೆ ಕಡೆ ನೋಡುತ್ತಿರುವಾಗ ಅವನ ಚೀಲದ ತಳಕ್ಕೆ ತುರುಕುತ್ತಿದ್ದೆವು. ಐದು ದಿನ ಅವನು ಅದನ್ನು ಹೊರುತ್ತಿದ್ದ. ಕೊನೆಯ ದಿನ ಮರಳಗುಡ್ಡ ಹತ್ತಿ, ಟ್ರಕ್ಕಿನ ಬಳಿ ಬಂದು ಚೀಲ ಬಿಚ್ಚಿದಾಗ ಕಲ್ಲು ಹೊರಗೆ ಬರುತ್ತಿತ್ತು. "ಯಾವ ಕತ್ತೆ ಕೆಲ್ಸ ಇದು?" ಎಂದು ವರ್ಲನ್ ಕೂಗಾಡುತ್ತಿದ್ದ, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕಲ್ಲನ್ನು ಅವನು ಎಸೆಯುತ್ತಿರಲಿಲ್ಲ. ಮನೆಗೆ ಒಯ್ದು ತನ್ನ ಟೊಮೆಟೊ ಮಡಿಯ ಸುತ್ತ ಸಾಲಾಗಿ ನೆಡುತ್ತಿದ್ದ. ಹೋದ ವರ್ಷಕ್ಕೆ ಇಪ್ಪತ್ತಾರು ಕಲ್ಲುಗಳಾಗಿದ್ದವು. ಸಾಲು ಕೂಡಿಕೊಳ್ಳಲು ಒಂದೇ ಕಲ್ಲಿನ ಜಾಗ ಉಳಿದಿತ್ತು.

ಕಮರಿಯಿಂದ ಮಾತ್ರ ಒಂದು ಕಲ್ಲನ್ನೂ, ಏನನ್ನೂ ಮೇಲೆ ತರುವಂತಿಲ್ಲ. ಅದು ವರ್ಲನ್‌ನ ಕಾಯಿದೆ. ಒಮ್ಮೆ ಡಿಲಾಯ್ ಆ ಕಮರಿಯಲ್ಲಿ ಹಿಂದೆಂದೋ ಬಾಳಿದವರ ಮಡಕೆಯ ಚೂರೊಂದನ್ನು, ಎರಡು ಬೆರಳಗಲದ್ದು, ಜೇಬಿಗೆ ಇಳಿಸಿದ್ದ. ವರ್ಲನ್‌ಗೆ ಗೊತ್ತಾದದ್ದು ಟ್ರಕ್ಕಿನ ಬಳಿಗೆ ಬಂದ ಮೇಲೆ. ಬೈಯಲಿಲ್ಲ. ಟ್ರಕ್ಕಿನ ಹಿಂಬದಿಯಲ್ಲಿ ಕೂತು ಕಾಲಾಡಿಸುತ್ತ, "ಹೋಗಿ ಇಟ್ಟು ಬಾ, ನಾವು ಕಾಯ್ತೀವಿ" ಎಂದ. ಡಿಲಾಯ್ ಇಳಿದು ಹತ್ತಿ ಬರುವಷ್ಟರಲ್ಲಿ ನಾಲ್ಕು ತಾಸಾಯಿತು, ಅವನ ಪಾಲಿನ ಸೋಡಾವನ್ನೂ ನಾವೇ ಕುಡಿದು ಮುಗಿಸಿದ್ದೆವು.

ಈ ವರ್ಷ ಜನವರಿಯಲ್ಲಿ ವರ್ಲನ್‌ಗೆ ಎದೆ ಕೊಯ್ದು ಹೃದಯದ ಕವಾಟ ಬದಲಿಸಿದರು. ಎಪ್ಪತ್ತೊಂದು ವಯಸ್ಸು. ಎರಡು ತಿಂಗಳು ಕಿಟಕಿಯ ಬಳಿ ಕಂಬಳಿ ಹೊದ್ದು ಕೂತಿದ್ದ. ನಾವು ನೋಡಲು ಹೋದರೆ ನಮ್ಮ ಮುಖ ನೋಡದೆ ಹೊರಗಿನ ಟೊಮೆಟೊ ಮಡಿ ನೋಡುತ್ತಿದ್ದ. ಏಪ್ರಿಲಿನಲ್ಲಿ ಡಾಕ್ಟರು, ನಡೆಯಬಹುದು, ಆದರೆ ಬೆನ್ನ ಮೇಲೆ ಇಪ್ಪತ್ತೈದು ಪೌಂಡು ದಾಟಬಾರದು ಎಂದರು. ಹೊರಡುವ ಹಿಂದಿನ ದಿನ ಅವನ ಹೆಂಡತಿ ಆರ್ವಾ ನನ್ನ ಮನೆಗೆ ಬಂದಳು. ಕೈಯಲ್ಲಿ ಒಣ ಏಪ್ರಿಕಾಟ್ ಹಣ್ಣಿನ ಪೊಟ್ಟಣವಿತ್ತು. ಆರ್ವಾ ಬರಿಗೈಯಲ್ಲಿ ಯಾರ ಮನೆಗೂ ಹೋಗುವವಳಲ್ಲ.

"ಗೇಲನ್, ಈ ಸಲ ಕಲ್ಲು ಬೇಡ."

"ಇಲ್ಲ, ಇಡಲ್ಲ."

"ನೆಲ್ಡಾಗೂ ಹೇಳು. ಡಿಲಾಯ್‌ಗೆ ಎರಡು ಸಲ ಹೇಳು. ಒಂದ್ಸಲ ಹೇಳಿದ್ರೆ ಅವ್ನ ತಲೆಗೆ ಹೋಗಲ್ಲ."

"ಮಾತು ಕೊಟ್ಟೆ, ಆರ್ವಾ."

ಕೊಟ್ಟ ಮಾತಿಗಿಂತ ಹೆಚ್ಚೇ ಮಾಡಿದೆವು. ಅವನ ಟೆಂಟನ್ನು ನಾನು ಹೊತ್ತೆ, ಒಲೆಯನ್ನು ನೆಲ್ಡಾ, ಅವನ ಪಾಲಿನ ಚೀಸು ಬೀನ್ಸುಗಳನ್ನು ಡಿಲಾಯ್. ವರ್ಲನ್‌ಗೆ ಉಳಿದದ್ದು ಮಲಗುವ ಚೀಲ, ಬಟ್ಟೆ, ನೀರು, ಕೊಂಚ ತಿಂಡಿ ಮತ್ತು ಯಾರಿಗೂ ಮುಟ್ಟಲು ಕೊಡದ ಅವನ ಮಸಿ ಹಿಡಿದ ಕಾಫಿ ಕೆಟಲು.

ಮೊದಲ ದಿನ ಸಂಜೆ ತೊರೆಯ ದಂಡೆಯ ದೊಡ್ಡ ಮರದ ಕೆಳಗೆ ಬೀಡು ಬಿಟ್ಟೆವು. ವರ್ಲನ್ ಚೀಲ ಬಿಚ್ಚಿ ಎಲ್ಲವನ್ನೂ ಮರಳ ಮೇಲೆ ಹರಡಿದ. ಖಾಲಿ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಮತ್ತೆ ಒಳಗೆ ಕೈ ಹಾಕಿ ಮೂಲೆ ಮೂಲೆ ತಡಕಿದ.

"ಏನ್ ಹುಡುಕ್ತಿದೀಯ?" ಎಂದು ನೆಲ್ಡಾ ಕೇಳಿದಳು.

"ಚಮಚ."

ಚಮಚ ಅವನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು.

ಅಲ್ಲಿಂದ ಅವನ ಬಾಯಿಗೆ ಬೀಗ ಬಿತ್ತು. ಎರಡನೆಯ ದಿನ ತೊರೆ ದಾಟುವಾಗ ನೆಲ್ಡಾ ಕುಸಿಯುವ ಮರಳಿನಲ್ಲಿ ಮಂಡಿಯವರೆಗೆ ಇಳಿದಳು. ಎಳೆದಾಗ ಅವಳು ಬಂದಳು, ಬಲಗಾಲಿನ ಬೂಟು ಬರಲಿಲ್ಲ. ಡಿಲಾಯ್ ಬೋರಲು ಮಲಗಿ ಭುಜದವರೆಗೆ ಕೈ ಇಳಿಸಿ ತಡಕಿದ.

"ಸಿಕ್ತಾ?" ಎಂದಳು ನೆಲ್ಡಾ.

"ಸಿಕ್ತು. ಆದ್ರೆ ಇದು ಎಡಗಾಲಿಂದು."

"ನನ್ನ ಎಡಗಾಲಿಂದು ನನ್ನ ಕಾಲಲ್ಲೇ ಇದೆ ಕಣೋ."

"ಹಾಗಾದ್ರೆ ಇದು ಯಾರದು?"

ಯಾವ ಕಾಲದಲ್ಲಿ ಯಾರು ಕಳೆದುಕೊಂಡದ್ದೋ. ನೆಲ್ಡಾಳದ್ದೂ ಆಮೇಲೆ ಸಿಕ್ಕಿತು. ಬೇರೆ ವರ್ಷವಾಗಿದ್ದರೆ ವರ್ಲನ್ ಎರಡು ಬೂಟನ್ನೂ ಎರಡು ಕೈಯಲ್ಲಿ ಹಿಡಿದು, ಯಾವುದರಲ್ಲಿ ಎಷ್ಟು ಮರಳಿದೆ ಎಂದು ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದ. ಈ ಸಲ ಬಂಡೆಯ ಮೇಲೆ ಕೂತು ನೀರು ನೋಡುತ್ತಿದ್ದ. ನಮಗೆ ಹೆದರಿಕೆಯಾಯಿತು. ಎದೆ ನೋವೇ, ಉಸಿರು ಸರಿಯಿದೆಯೇ ಎಂದು ಗಂಟೆಗೊಬ್ಬರು ಹೋಗಿ ಕೇಳಿದೆವು. "ಚೆನ್ನಾಗಿದೀನಿ" ಎನ್ನುವ ಅವನ ದನಿ ಪ್ರತಿ ಸಲಕ್ಕೂ ಗಡುಸಾಗುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಕಾಫಿ ಕಾಯುತ್ತಿತ್ತು. ನಮ್ಮ ಚರ್ಚಿನಲ್ಲಿ ಕಾಫಿ ಕೂಡದು, ಆ ಕಟ್ಟಳೆಯಂತೆ ಡಿಲಾಯ್ ಒಬ್ಬನೇ ಅದನ್ನು ಮುಟ್ಟುವುದಿಲ್ಲ, ಆದರೆ ದಿನವೂ ಗಾಳಿಯ ದಿಕ್ಕು ನೋಡಿಕೊಂಡು, ಕೆಟಲಿನ ಹಬೆ ಮೂಗಿಗೆ ಬರುವ ಕಡೆಯೇ ಕೂರುತ್ತಾನೆ. ಕುಡಿಯುವವರು ಕುಡಿದು, ಮೂಸುವವನು ಮೂಸಿ ಮುಗಿದ ಮೇಲೆ ನೆಲ್ಡಾ ಮತ್ತು ಡಿಲಾಯ್ ನೀರು ತರಲು ಹೋದರು. ವರ್ಲನ್ ಕೆಟಲನ್ನು ಮರಳಿನಲ್ಲಿ ಉಜ್ಜಿ ತಂದು ನನ್ನ ಮುಂದಿಟ್ಟ.

"ಇಟ್ಕೋ. ಮುಂದಿನ ವರ್ಷ ನೀನೇ ತಗೊಂಡ್ ಬಾ."

"ನೀನು?"

"ನಾನು ಬರಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ಲಕೋಟೆಯ ಮೇಲೆ ಅಂಚೆಚೀಟಿ ಸೊಟ್ಟಗೆ ಅಂಟಿಸಿದವರಿಗೂ ಬೈದವನು ನಾನು.

"ಮೂರು ದಿನದಿಂದ ಮುಖ ಊದಿಸ್ಕೊಂಡಿದೀಯ. ಏನಾಗಿದೆ ಅಂತ ಬಾಯ್ಬಿಡು, ಇಲ್ಲಾಂದ್ರೆ ಈ ಕೆಟಲು ನಿನ್ನ ತಲೆ ಮೇಲೇ ಮಗುಚ್ತೀನಿ."

"ಕಲ್ಲೆಲ್ಲಿ?" ಎಂದ ವರ್ಲನ್.

"ಯಾವ ಕಲ್ಲು?"

"ನನ್ನ ಕಲ್ಲು."

ಅವನು ಕಡ್ಡಿಯೊಂದನ್ನು ಹೆಕ್ಕಿಕೊಂಡು ಮರಳ ಮೇಲೆ ಕೂತ.

"ನಲವತ್ತು ವರ್ಷ ಮೂಟೆ ತೂಗಿದೀನಿ, ಗೇಲನ್. ಮೊದಲ್ನೇ ವರ್ಷ ಟ್ರಕ್ಕಿಂದ ಬ್ಯಾಗ್ ಎತ್ತಿದ ಕೂಡ್ಲೇ ಗೊತ್ತಾಯ್ತು, ಮೂರು ಪೌಂಡು ಜಾಸ್ತಿ ಇದೆ ಅಂತ. ಪ್ರತಿ ವರ್ಷಾನೂ ಗೊತ್ತಿತ್ತು. ಅದೂ ಅಲ್ದೆ, ದಿನಾ ಹಾಸಿಗೆ ತೆಗೆಯೋನಿಗೆ ಅದ್ರ ಕೆಳಗಿರೋ ಕಲ್ಲು ಕಾಣಲ್ವಾ?"

ಇದು ಇಪ್ಪತ್ತಾರು ವರ್ಷಗಳಲ್ಲಿ ನಮ್ಮ ಮೂವರ ತಲೆಗೂ ಹೊಳೆದಿರಲಿಲ್ಲ.

"ಗೊತ್ತಿದ್ದೂ ಯಾಕೆ ಹೊತ್ತೆ?"

"ಐದು ದಿನ ನೀವು ಕಳ್ಳರ ಹಾಗೆ ಒಬ್ರ ಮುಖ ಒಬ್ರು ನೋಡ್ಕೊಂಡು ಕಿಸಿಕಿಸಿ ಅಂತೀರಲ್ಲ, ಅದನ್ನ ನೋಡೋಕೆ." ಅವನು ಮರಳಿನಲ್ಲಿ ಕಡ್ಡಿಯಿಂದ ಗೀರುತ್ತಿದ್ದ. "ಈ ಸಲ ಬ್ಯಾಗ್ ಎತ್ತಿದೆ. ಒಳಗೆ ಬರೀ ನನ್ನ ಸಾಮಾನೇ ಇತ್ತು. ಅದ್ರಲ್ಲೂ ಅರ್ಧ ನೀವೇ ತೆಗೆದಿದ್ರಿ. ಎದೆ ಕೊಯ್ದಾಗ್ಲೂ ನಾನು ಮುದುಕ ಆದೆ ಅನ್ನಿಸಿರ್ಲಿಲ್ಲ ನಂಗೆ. ಇಲ್ಲಿ ಅನ್ನಿಸ್ತು."

ಆರ್ವಾಗೆ ಕೊಟ್ಟ ಮಾತಿನ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಹೆಂಡತಿಯ ಮೇಲೂ ಮುನಿಸಿಕೊಳ್ಳುತ್ತಿದ್ದ. ಕೆಟಲನ್ನು ನನ್ನ ಚೀಲಕ್ಕೆ ಕಟ್ಟಿಕೊಂಡೆ. ನಡೆಯುವಾಗ ಅದು ಹೆಜ್ಜೆಗೊಮ್ಮೆ ಟಣ್ ಎನ್ನುತ್ತಿತ್ತು.

ಮಧ್ಯಾಹ್ನ ವರ್ಲನ್ ಬಂಡೆಯ ನೆರಳಿನಲ್ಲಿ ಟೋಪಿ ಮುಚ್ಚಿಕೊಂಡು ಮಲಗಿದ್ದಾಗ ಉಳಿದಿಬ್ಬರಿಗೂ ಎಲ್ಲ ಹೇಳಿದೆ. ನೆಲ್ಡಾ ಕಣ್ಣೊರೆಸಿಕೊಂಡಳು.

"ಒಂದು ಕಲ್ಲು ಇಟ್ಟೇಬಿಡೋಣ" ಎಂದೆ.

"ಆರ್ವಾಗೆ ಏನಂತ ಮುಖ ತೋರಿಸ್ತೀಯ?" ಎಂದಳು ನೆಲ್ಡಾ. "ನಾಳೆ ಮರಳಗುಡ್ಡ ಹತ್ಬೇಕು. ಅಲ್ಲಿ ಅವ್ನಿಗೇನಾದ್ರೂ ಆದ್ರೆ?"

"ಇಲ್ಲಿರೋದೆಲ್ಲ ಕಮರಿ ಕಲ್ಲು ಬೇರೆ" ಎಂದ ಡಿಲಾಯ್. ಮಡಕೆ ಚೂರಿನ ದಿನವನ್ನು ಅವನ ಕಾಲುಗಳು ಇನ್ನೂ ಮರೆತಿಲ್ಲ.

ಬೇಡ ಎಂದೇ ತೀರ್ಮಾನವಾಯಿತು. ಮೂವರೂ ತಲೆಯಾಡಿಸಿದೆವು. ಯಾರೂ ಯಾರ ಕಣ್ಣನ್ನೂ ನೋಡಲಿಲ್ಲ.

ಐದನೆಯ ದಿನ ಬೆಳಿಗ್ಗೆ ವರ್ಲನ್ ಚೀಲ ಕಟ್ಟಿಟ್ಟು, ಮುಖ ತೊಳೆಯಲು ತೊರೆಗೆ ಹೋದ. ನೆಲ್ಡಾ ಪೊದೆಯ ಮರೆಗೆ ಹೋಗಿದ್ದಳು, ಡಿಲಾಯ್ ಅತ್ತ ತಿರುಗಿ ಟೆಂಟು ಮಡಚುತ್ತಿದ್ದ. ಕೈಗೆ ಸಿಕ್ಕ ಚಪ್ಪಟೆ ಕೆಂಪು ಕಲ್ಲೊಂದನ್ನು ನನ್ನ ಬೂದು ಕಾಲುಚೀಲದಲ್ಲಿ ತುರುಕಿ, ವರ್ಲನ್‌ನ ಚೀಲದ ಪಕ್ಕದಿಂದ ಒಳಗೆ ನೂಕಿದೆ. ಕೊಟ್ಟ ಮಾತು ಮುರಿದಿದ್ದೆ, ಆದರೂ ಎಷ್ಟೋ ಹಗುರವೆನಿಸಿತು.

ವರ್ಲನ್ ಬಂದು ಚೀಲ ಎತ್ತಿದ. ಕೈ ಹಾಗೇ ನಿಂತಿತು. ಕೆಳಗಿಟ್ಟು ಇನ್ನೊಮ್ಮೆ ಎತ್ತಿದ. ತಲೆ ಓರೆ ಮಾಡಿ ಆಕಾಶ ನೋಡಿದ. ಆಮೇಲೆ ಚೀಲದ ಬದಿಯಿಂದ ನೀರಿನ ಬಾಟಲಿ ತೆಗೆದು, ನಿಂತಲ್ಲೇ ಕೊನೆಯ ಹನಿಯವರೆಗೆ ಗಟಗಟ ಕುಡಿದು, ಖಾಲಿ ಬಾಟಲಿಯನ್ನು ಮತ್ತೆ ಸಿಕ್ಕಿಸಿದ.

"ಹೊರಡಿ ಮತ್ತೆ, ಗೊಂಬೆಗಳ ಹಾಗೆ ನಿಂತಿದೀರಲ್ಲ" ಎಂದ. ದಾರಿಯುದ್ದಕ್ಕೂ ಶಿಳ್ಳೆ ಹಾಕಿದ. ನೆಲ್ಡಾಳ ಬೂಟಿನ ಬಗ್ಗೆ ಮೂರು ದಿನದಿಂದ ಬಾಕಿಯಿದ್ದ ಭಾಷಣವನ್ನೂ ಮುಗಿಸಿದ.

ಮರಳಗುಡ್ಡದಲ್ಲಿ ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತದೆ. ವರ್ಲನ್ ಹತ್ತು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಳ್ಳುತ್ತಿದ್ದ. ಮುಖ ಕೆಂಪಗಾಗಿತ್ತು. ಒಂದು ಕಲ್ಲಿಗೆ ಇಷ್ಟು ಏದುಸಿರೇ ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

"ಬ್ಯಾಗು ಇಲ್ಲಿ ಕೊಡು" ಎಂದೆ.

"ನನ್ನ ಹತ್ರ ಕೊಡು, ನಂಗೇನೂ ಭಾರ ಇಲ್ಲ" ಎಂದಳು ನೆಲ್ಡಾ.

"ನಾನು ತಗೋತೀನಿ, ನಾನು" ಎಂದು ಡಿಲಾಯ್ ಪಟ್ಟಿಗೇ ಕೈ ಹಾಕಿದ.

"ಮೂರು ಜನಕ್ಕೂ ಇದ್ದಕ್ಕಿದ್ದ ಹಾಗೆ ನನ್ನ ಮೇಲೆ ಎಲ್ಲಿಂದ ಬಂತಪ್ಪ ಪ್ರೀತಿ?" ಎಂದು ವರ್ಲನ್ ಕೈ ಕೊಡವಿ ಮುಂದೆ ಹತ್ತಿದ.

ಮೇಲೆ ಟ್ರಕ್ಕಿನ ಬಳಿ, ಈ ಸಲ ಊರಿನಿಂದ ಬಂದಿದ್ದ ಆರ್ವಾ ತಣ್ಣನೆಯ ಸೋಡಾ ಇಟ್ಟುಕೊಂಡು ಕಾಯುತ್ತಿದ್ದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಟ್ಟುಸಿರು ಬಿಟ್ಟಳು. ವರ್ಲನ್ ಚೀಲವನ್ನು ಟ್ರಕ್ಕಿನ ಹಿಂಬದಿಯಲ್ಲಿಟ್ಟು ಬಿಚ್ಚಿದ. ನನ್ನ ಬೂದು ಕಾಲುಚೀಲ ಹೊರಗೆ ಬಂತು.

"ಯಾವ ಕತ್ತೆ ಕೆಲ್ಸ ಇದು?"

ನಾನು ಆರ್ವಾಳ ಮುಖ ನೋಡಲಾಗದೆ ನೆಲ ನೋಡಿದೆ. ವರ್ಲನ್ ಮತ್ತೆ ಒಳಗೆ ಕೈ ಹಾಕಿದ. ಇನ್ನೊಂದು ಕಲ್ಲು ಬಂತು, ನೆಲ್ಡಾಳ ಹಳದಿ ತಲೆವಸ್ತ್ರದಲ್ಲಿ ಸುತ್ತಿದ್ದು. ಮತ್ತೆ ಕೈ ಹಾಕಿದ. ಮೂರನೆಯದು ಡಿಲಾಯ್‌ನ ಕರವಸ್ತ್ರದಲ್ಲಿತ್ತು, ಅದರ ಮೂಲೆಯಲ್ಲಿ ಅವನ ಹೆಸರಿನ ಕಸೂತಿ ಬೇರೆ.

"ನೀನೂನಾ?" ಎಂದು ನೆಲ್ಡಾ ಡಿಲಾಯ್‌ನನ್ನು ಕೇಳಿದಳು. ಡಿಲಾಯ್ ನನ್ನನ್ನು ನೋಡಿದ.

ವರ್ಲನ್ ಒಂದೊಂದನ್ನೇ ಕೈಯಲ್ಲಿ ಆಡಿಸಿದ. "ಗೇಲನ್‌ದು ಮೂರೂವರೆ. ನೆಲ್ಡಾದು ನಾಲ್ಕು. ಇದು ಎರಡೇ. ಡಿಲಾಯ್, ಕಲ್ಲಲ್ಲೂ ಜಿಪುಣತನಾನಾ?"

"ಒಂದೂ ಬೇಡ ಅಂದಿದ್ದೆ, ಗೇಲನ್" ಎಂದಳು ಆರ್ವಾ. "ಮೂರು ಇಟ್ಟಿದೀರಿ."

ವರ್ಲನ್ ಅವಳತ್ತ ತಿರುಗಿದ. "ಓ, ಬೇಡ ಅಂದಿದ್ದು ನೀನಾ? ಕೇಳಿಲ್ಲಿ. ಡಾಕ್ಟರು ಇಪ್ಪತ್ತೈದು ಅಂದಿದ್ರು. ತಿಂಡಿ ಖಾಲಿಯಾಗಿ ಬ್ಯಾಗು ಹದಿನೇಳಿತ್ತು. ಈ ಕತ್ತೆಗಳು ಒಂಬತ್ತೂವರೆ ತುಂಬಿದ್ರು. ಒಂದೂವರೆ ಜಾಸ್ತಿ ಆಯ್ತಲ್ಲ, ಅದಕ್ಕೇ ಒಂದು ಬಾಟ್ಲಿ ನೀರು ಕುಡಿದ್ಬಿಟ್ಟೆ. ಎರಡು ಪೌಂಡು ಇಳೀತು. ಇಪ್ಪತ್ನಾಲ್ಕೂವರೆ."

"ಆ ನೀರು ನಿನ್ನ ಹೊಟ್ಟೇಲೇ ತಾನೇ ಇದ್ದಿದ್ದು?" ಎಂದಳು ಆರ್ವಾ.

"ಡಾಕ್ಟರು ಬೆನ್ನಿನ ಮಾತಾಡಿದ್ರು. ಹೊಟ್ಟೆ ವಿಷ್ಯ ಎತ್ಲಿಲ್ಲ."

ಹೇಳಿ ಅವನೇ ನಗತೊಡಗಿದ. ಟ್ರಕ್ಕಿಗೆ ಒರಗಿ, ಹೊಲಿಗೆ ಹಾಕಿದ ಎದೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೆ ಟ್ರಕ್ಕಿನ ಹಿಂಬದಿ ಹತ್ತಿ ಕೂತು, ಸೋಡಾದ ಮುಚ್ಚಳ ತೆಗೆದು, ಕಾಲಾಡಿಸುತ್ತ ಹೇಳಿದ: "ಇವೆಲ್ಲ ಕಮರಿ ಕಲ್ಲು. ಹೋಗಿ ಇಟ್ಟು ಬನ್ನಿ, ನಾವು ಕಾಯ್ತೀವಿ."

ವಾದಿಸಿ ಪ್ರಯೋಜನವಿರಲಿಲ್ಲ. ನನ್ನ ಕಲ್ಲು ತೆಗೆದುಕೊಳ್ಳುವಾಗ ಆರ್ವಾ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು. ಬೈಗುಳಕ್ಕೆ ತಯಾರಾದೆ.

"ಜನವರಿ ಆದ್ಮೇಲೆ ಅವ್ನು ನಕ್ಕಿದ್ದು ಇವತ್ತೇ" ಎಂದಳು. "ಮುಂದಿನ ವರ್ಷ ಕಲ್ಲು ನಾನೇ ಕೊಡ್ತೀನಿ. ನಮ್ಮ ಹಿತ್ತಲದ್ದೇ. ಮೂರು ಪೌಂಡು, ಒಂದು ಔನ್ಸೂ ಜಾಸ್ತಿ ಇರಲ್ಲ. ಅವ್ನಿಗೆ ಹೇಳ್ಬೇಡ."

"ಅವ್ನಿಗೆ ಗೊತ್ತಾಗುತ್ತೆ, ಆರ್ವಾ."

"ಗೊತ್ತಾಗ್ಲಿ. ನೀನು ಹೇಳ್ಬೇಡ, ಅಷ್ಟೇ."

ಮೂವರೂ ಕಲ್ಲು ಹಿಡಿದುಕೊಂಡು ಗುಡ್ಡದ ಅಂಚಿಗೆ ಹೋದೆವು. ಡಿಲಾಯ್ ಆಗಲೇ ಗೊಣಗುತ್ತಿದ್ದ. ಹಿಂದಿನಿಂದ ವರ್ಲನ್ ಕೂಗಿದ.

"ಗೇಲನ್, ಆ ಕೆಟಲು ಇಲ್ಲಿಟ್ಟು ಹೋಗು. ಅದು ನಂದು."

ನಾನು ಹಿಂತಿರುಗಿ ಬಂದು, ಚೀಲದಿಂದ ಕೆಟಲು ಬಿಚ್ಚಿ ಅವನ ಪಕ್ಕದಲ್ಲಿಟ್ಟು, ಕಲ್ಲು ಹೊತ್ತುಕೊಂಡು ಕಮರಿಗೆ ಇಳಿದೆ.