ಕನ್ನಡ ಬರದ ನಾಯಿ

ನೋಡ್ರಪ್ಪಾ, ಈವತ್ತು ಪದ್ಮನಾಭನಗರದ ಪಾರ್ಕಲ್ಲಿ ಒಂದು ನಾಯಿ ನನ್ನ ಬೆಂಚಿನ ಹತ್ರ ಬಂತು. "ಬಾರೋ ಮರಿ, ತಿಂಡಿ ಆಯ್ತಾ?" ಅಂದೆ. ಚೈನ್ ಹಿಡಿದಿದ್ದ ಹುಡುಗಿ, "ಅಂಕಲ್, ಅವನಿಗೆ ಕನ್ನಡ ಬರಲ್ಲ, ಇಂಗ್ಲಿಷಲ್ಲಿ ಹೇಳಿ" ಅಂದಳು.

ಮೈ ಉರೀತು. ಆದ್ರೆ ಎಂಬತ್ತರ ದಶಕದಲ್ಲಿ ಜಯನಗರದ ನಮ್ಮನೇಲೂ ನಾಯಿಗೆ ಇಂಗ್ಲಿಷೇ: ಟಾಮಿ ಕಮ್, ಟಾಮಿ ಸಿಟ್. ಹೆಂಡತಿ ತೀರಿಕೊಂಡ ವರ್ಷ ಅವನನ್ನ ಫಿಯೆಟ್‌ನಲ್ಲಿ ಕೂರಿಸಿಕೊಂಡು, ದಾರಿಯುದ್ದಕ್ಕೂ ಟೆಂಟ್ ಹಾಕ್ಕೊಂಡು ಕಾರವಾರದವರೆಗೂ ಹೋಗಿದ್ದೆ. ತಿಂಗಳುಗಟ್ಟಲೆ ಜೊತೆಗಿದ್ದವನು ಅವನೊಬ್ಬನೇ. ಅವಳ ವಿಷಯ ಹೇಳೋಕೆ ನನ್ನ ಇಂಗ್ಲಿಷ್ ಸಾಲಲಿಲ್ಲ. ವಾಪಸ್ ಬಂದಾಗ ಟಾಮಿ "ಕಮ್" ಅಂದ್ರೆ ತಿರುಗಿಯೂ ನೋಡ್ತಿರಲಿಲ್ಲ, "ಬಾರೋ" ಅನ್ನಬೇಕಿತ್ತು.

ಹುಡುಗಿಗೆ ಇದೇನೂ ಹೇಳಲಿಲ್ಲ. "ಗುಡ್ ಬಾಯ್" ಅಂದೆ, ನಾಯಿ ಬಾಲ ಅಲ್ಲಾಡಿಸಿತು. ಮಿಕ್ಕಿದ್ದನ್ನ ನಿಮ್ಮ ಹತ್ರ ಹೇಳ್ಕೊಂಡೆ. ನಿಮಗಾದ್ರೂ ಕನ್ನಡ ಬರುತ್ತಲ್ಲ.